ಕೊರೋನಾ ಬಂದು ಹೋದ ಮೇಲೆ ಆ್ಯಂಟಿಬಾಡಿ ಟೆಸ್ಟ್: ಯಾರಿಗೆ ಬೇಕು, ಯಾವಾಗ ಬೇಕು, ರಿಪೋರ್ಟ್ ಓದೋದು ಹೇಗೆ

2021ರ ಆಗಸ್ಟ್ ಇರಬೇಕು. ಎರಡನೇ ಅಲೆ ಇಳಿದಿತ್ತು. ಹುಬ್ಬಳ್ಳಿಯ ನಮ್ಮ ಲ್ಯಾಬ್‌ಗೆ ಅಣ್ಣಿಗೇರಿಯಿಂದ ಒಬ್ಬ ಕಾಕಾ ಬಂದರು. ಹತ್ತಿ ವ್ಯಾಪಾರದವರು. ಕೈಚೀಲದಿಂದ ಒಂದು ಕಾಗದ ತೆಗೆದು ಟೇಬಲ್ ಮೇಲಿಟ್ಟರು. ಬೇರೆ ಕಡೆ ಮಾಡಿಸಿದ್ದ ಆ್ಯಂಟಿಬಾಡಿ ರಿಪೋರ್ಟ್ ಅದು. ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರು!

"ಸಾವಿರದ ಎಂಟನೂರಾ ನಲವತ್ತು ಐತಿ ನೋಡೋ ತಮ್ಮಾ. ಇನ್ನ ನನಗ ಮಾಸ್ಕ್ ಬ್ಯಾಡ ಅಲ್ಲೇನು?"

"ಹಂಗಲ್ರಿ ಕಾಕಾ" ಎಂದೆ. ಕೇಳುವ ಮನಸ್ಸು ಅವರಿಗೆ ಇರಲಿಲ್ಲ. ಏಪ್ರಿಲ್‌ನಲ್ಲಿ ಹನ್ನೊಂದು ದಿನ ಮಲಗಿ ಎದ್ದವರು. ಆ ಸಂಖ್ಯೆ ಅವರಿಗೆ ದೊಡ್ಡ ಧೈರ್ಯ ಕೊಟ್ಟಿತ್ತು. 2022ರ ಜನವರಿಯಲ್ಲಿ ಗಂಟಲು ಹಿಡಿದುಕೊಂಡು ಮತ್ತೆ ಬಂದರು. ಸ್ವಾಬ್ ಕೊಟ್ಟರು, ಪಾಸಿಟಿವ್ ಬಂತು. ಎರಡು ದಿನ ಜ್ವರ, ಅಷ್ಟೇ. ಆಮೇಲೆ ಆರಾಮಾದರು. ಆದರೆ ನನ್ನ ಮೇಲೆ ಸಿಟ್ಟು. "ಹಂಗಾದ್ರ ಆ ಸಾವಿರದ ಎಂಟನೂರು ಎಲ್ಲಿ ಹೋತು?"

ಒಳ್ಳೆ ಪ್ರಶ್ನೆ. ಅದಕ್ಕೆ ಕೌಂಟರ್ ಮುಂದೆ ನಿಂತು ಎರಡು ನಿಮಿಷದಲ್ಲಿ ಉತ್ತರ ಹೇಳೋಕೆ ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ರಕ್ತ ತೆಗೆಯುವವನು, ಮಷೀನಿಗೆ ಹಾಕುವವನು, ರಿಪೋರ್ಟ್ ಪ್ರಿಂಟ್ ಆದಾಗ ಜನರ ಮುಖ ನೋಡುವವನು. ಔಷಧದ ವಿಷಯ ನಿಮ್ಮ ಡಾಕ್ಟರ್‌ಗೇ ಬಿಟ್ಟದ್ದು.

ಹೆಜ್ಜೆ 1: ನಿಮಗೆ ಏನು ತಿಳಿಯಬೇಕಾಗಿದೆ?

ಟೆಸ್ಟ್ ಮಾಡಿಸಲು ಬರುವವರು ಮೂರು ಬೇರೆ ಬೇರೆ ಪ್ರಶ್ನೆ ಹೊತ್ತು ಬರುತ್ತಾರೆ. ಮೂರಕ್ಕೂ ಒಂದೇ ಟೆಸ್ಟ್ ಅಂದುಕೊಂಡಿರುತ್ತಾರೆ.

"ನನಗೆ ಈಗ ಕೊರೋನಾ ಇದೆಯಾ?" ಇದಕ್ಕೆ ಆ್ಯಂಟಿಬಾಡಿ ಟೆಸ್ಟ್ ಉಪಯೋಗವಿಲ್ಲ. ಮೂಗಿನಿಂದ, ಗಂಟಲಿನಿಂದ ಸ್ವಾಬ್ ತೆಗೆದು ಮಾಡುವ ಆರ್‌ಟಿ-ಪಿಸಿಆರ್ ಅಥವಾ ರ‍್ಯಾಪಿಡ್ ಆ್ಯಂಟಿಜೆನ್ ಟೆಸ್ಟ್ ಬೇಕು. ಈ ಆ್ಯಂಟಿಜೆನ್, ಆ್ಯಂಟಿಬಾಡಿ ಎನ್ನುವ ಎರಡು ಹೆಸರು ಮಾಡಿದ ಗೊಂದಲ ಅಷ್ಟಿಷ್ಟಲ್ಲ. ಆ್ಯಂಟಿಜೆನ್ ಅಂದರೆ ವೈರಸ್ಸಿನದೇ ತುಣುಕು. ಆ್ಯಂಟಿಬಾಡಿ ಅಂದರೆ ವೈರಸ್ಸಿನ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯ. ಒಂದು, ಹೊಲದಲ್ಲಿ ನಿಂತ ದನವನ್ನೇ ಹಿಡಿದ ಹಾಗೆ. ಇನ್ನೊಂದು, ದನ ಹೋದ ಮೇಲೆ ಎರೆ ಮಣ್ಣಿನಲ್ಲಿ ಉಳಿದ ಗೊರಸಿನ ಗುರುತು ನೋಡಿದ ಹಾಗೆ. ಮೂಗಿಗೆ ಕಡ್ಡಿ ಹಾಕಿದರೆ ಮೊದಲಿನದು, ತೋಳಿನಿಂದ ರಕ್ತ ತೆಗೆದರೆ ಎರಡನೆಯದು. ಬಿಲ್ ಕಟ್ಟುವಾಗ ಇಷ್ಟು ನೆನಪಿಟ್ಟುಕೊಂಡರೆ ಸಾಕು.

"ನನಗೆ ಹಿಂದೆ ಬಂದು ಹೋಗಿತ್ತಾ?" ಇದಕ್ಕೆ ಆ್ಯಂಟಿಬಾಡಿ ಟೆಸ್ಟ್ ಒಂದಷ್ಟು ಉತ್ತರ ಕೊಡುತ್ತದೆ. ಎಲ್ಲ ಸಲವೂ ಅಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

"ನಾನು ಇನ್ನು ಸೇಫಾ?" ಎಲ್ಲರೂ ನಿಜವಾಗಿ ಕೇಳುವ ಪ್ರಶ್ನೆ ಇದೇ. ಇದಕ್ಕೆ ಯಾವ ಲ್ಯಾಬೂ ಉತ್ತರ ಕೊಡಲಾರದು. ಇಷ್ಟು ಅಂಕಿ ಇದ್ದರೆ ಮತ್ತೆ ಸೋಂಕು ಬರುವುದಿಲ್ಲ ಎನ್ನುವ ಒಂದು ಗೆರೆಯನ್ನು ಯಾರೂ ಎಳೆದಿಲ್ಲ.

ನಮ್ಮ ಕಡೆಯವರಿಗೆ ಟೈಫಾಯ್ಡ್ ನೋಡುವ ವಿಡಾಲ್ ಟೆಸ್ಟ್ ಹೊಸದಲ್ಲ. ಜ್ವರ ಮೂರು ದಿನ ದಾಟಿತೋ, "ವಿಡಾಲ್ ಮಾಡಸ್ರಿ" ಅಂತ ಚೀಟಿ ಬರುತ್ತದೆ. ಅದೂ ಆ್ಯಂಟಿಬಾಡಿ ಟೆಸ್ಟೇ. ಹಿಂದೆಂದೋ ಟೈಫಾಯ್ಡ್ ಬಂದಿದ್ದರೆ, ಈಗಿನ ಜ್ವರ ಬೇರೆ ಯಾವುದೋ ಆಗಿದ್ದರೂ, ಅದು ಪಾಸಿಟಿವ್ ತೋರಿಸಬಹುದು. ಆ ಒಂದು ಚೀಟಿ ನಂಬಿ ವರ್ಷಕ್ಕೆ ಮೂರು ಸಲ "ಟೈಫಾಯ್ಡ್" ಬರಿಸಿಕೊಂಡವರನ್ನು ನಾನು ನೋಡಿದ್ದೇನೆ. ಗೊರಸಿನ ಗುರುತು ನೋಡಿ ದನ ಇಲ್ಲೇ ಇದೆ ಅನ್ನುವ ತಪ್ಪು ಅದು. ಕೊರೋನಾದಲ್ಲೂ ಇದೇ ಆಗುತ್ತದೆ.

ಹೆಜ್ಜೆ 2: ನಿಮಗೆ ಬೇಕೇ ಬೇಕಾ?

ಬಹಳಷ್ಟು ಜನರಿಗೆ ಬೇಡ. ಲ್ಯಾಬಿನವನೇ ಹೀಗೆ ಹೇಳಿದರೆ ಮಾಲೀಕರು ಏನನ್ನುತ್ತಾರೋ ಗೊತ್ತಿಲ್ಲ, ಆದರೂ ಬೇಡ.

2020ರ ಮೇ-ಜೂನ್‌ನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೊದಲ ಸಲ ದೇಶದಲ್ಲಿ ರಕ್ತ ಸಮೀಕ್ಷೆ ಮಾಡಿದಾಗ ಆ್ಯಂಟಿಬಾಡಿ ಇದ್ದವರು ಬರೀ 0.73 ಶೇಕಡಾ. 2021ರ ಜೂನ್-ಜುಲೈನ ನಾಲ್ಕನೇ ಸಮೀಕ್ಷೆಯಲ್ಲಿ ಅದು 67.6 ಶೇಕಡಾ ಆಗಿತ್ತು. ಅದಾದ ಮೇಲೆ ಲಸಿಕೆ ಇನ್ನೂ ಕೋಟಿಗಟ್ಟಲೆ ಜನಕ್ಕೆ ಹೋಯಿತು, ಒಮಿಕ್ರಾನ್ ಮನೆಮನೆ ಸುತ್ತಿತು. ಈಗ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಯಾರನ್ನೇ ನಿಲ್ಲಿಸಿ ರಕ್ತ ತೆಗೆದರೂ ಬಹುತೇಕ ಎಲ್ಲರಲ್ಲೂ ಪಾಸಿಟಿವ್ ಬರುತ್ತದೆ. ಎಲ್ಲರಿಗೂ ಪಾಸಿಟಿವ್ ಬರುವ ಟೆಸ್ಟ್‌ನಿಂದ ನಿಮ್ಮೊಬ್ಬರ ಬಗ್ಗೆ ಏನು ಗೊತ್ತಾಗುತ್ತದೆ ಹೇಳಿ?

ಹಾಗಾದರೆ ಯಾರಿಗೆ ಬೇಕು?

ಎಲ್ಲಕ್ಕಿಂತ ಮುಖ್ಯ, ಮಕ್ಕಳು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕೊರೋನಾ ಬಂದು ಹೋಗಿ ಎರಡರಿಂದ ಆರು ವಾರಕ್ಕೆ ಕೆಲವೇ ಕೆಲವು ಮಕ್ಕಳಿಗೆ ಮಿಸ್-ಸಿ ಎನ್ನುವ ಉರಿಯೂತದ ಕಾಯಿಲೆ ಬರುತ್ತದೆ. ಮೂರು ದಿನ ದಾಟಿದರೂ ಬಿಡದ ಜ್ವರ, ಕೆಂಪಾದ ಕಣ್ಣು, ಮೈಮೇಲೆ ದದ್ದು, ಹೊಟ್ಟೆನೋವು, ವಾಂತಿ, ಮಗು ಸುಸ್ತಾಗಿ ಮಲಗಿಬಿಡುವುದು. ಹೃದಯಕ್ಕೂ ತೊಂದರೆ ಆಗಬಹುದು. ಎಷ್ಟೋ ಮಕ್ಕಳಿಗೆ ಕೊರೋನಾ ಬಂದಿದ್ದೇ ಗೊತ್ತಾಗಿರುವುದಿಲ್ಲ. ಸ್ವಾಬ್ ತೆಗೆದರೆ ಆಗ ನೆಗೆಟಿವ್ ಬರಬಹುದು. ಅಂಥ ಹೊತ್ತಿನಲ್ಲಿ ಡಾಕ್ಟರ್ ಆ್ಯಂಟಿಬಾಡಿ ಟೆಸ್ಟ್ ಬರೆಯುತ್ತಾರೆ, ಅದು ಅವರಿಗೆ ದಾರಿ ತೋರಿಸುತ್ತದೆ. ಆದರೆ ಇಂಥ ಮಗುವನ್ನು ಕರೆದುಕೊಂಡು ಮೊದಲು ಲ್ಯಾಬ್‌ಗೆ ಬರಬೇಡಿ. ನೇರ ಆಸ್ಪತ್ರೆಗೆ ಹೋಗಿ. ಹುಬ್ಬಳ್ಳಿ-ಧಾರವಾಡದವರಿಗೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ, ಗದಗದವರಿಗೆ ಜಿಮ್ಸ್ ಇದೆ, ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆ ಇದೆ. ರಕ್ತ ಅಲ್ಲೇ ತೆಗೆಯುತ್ತಾರೆ.

ಕಿಡ್ನಿ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರಿಗೂ ಒಮ್ಮೊಮ್ಮೆ ಬೇಕಾಗುತ್ತದೆ. ಲಸಿಕೆ ಹಾಕಿಸಿದರೂ ಇವರ ಮೈ ಸರಿಯಾಗಿ ಸ್ಪಂದಿಸದೆ ಇರಬಹುದು. ಅದನ್ನು ನೋಡಬೇಕೋ ಬೇಡವೋ ಎಂಬುದು ಅವರ ಡಾಕ್ಟರ್ ಕೈಯಲ್ಲಿದೆ.

ಇನ್ನು ಕೊರೋನಾ ಅಂತ ಟೆಸ್ಟೇ ಆಗದೆ ತಿಂಗಳುಗಟ್ಟಲೆ ಸುಸ್ತು, ದಮ್ಮು ಇಟ್ಟುಕೊಂಡವರು. ಬೇರೆ ಕಾರಣ ಹುಡುಕುವಾಗ ಇದನ್ನೂ ಒಂದು ನೋಡೋಣ ಅನ್ನುವುದುಂಟು.

ಪ್ಲಾಸ್ಮಾ ದಾನಕ್ಕೆಂದು, ಅಂದರೆ ಗುಣವಾದವರ ರಕ್ತದ ಆ್ಯಂಟಿಬಾಡಿ ಇರುವ ದ್ರವಭಾಗವನ್ನು ರೋಗಿಗಳಿಗೆ ಕೊಡಲೆಂದು, ಟೆಸ್ಟ್ ಮಾಡಿಸುತ್ತಿದ್ದ ಕಾಲವೊಂದಿತ್ತು. 2020ರಲ್ಲಿ ಗುಣವಾದವರನ್ನು ಹುಡುಕಿ ಹುಡುಕಿ ಫೋನ್ ಮಾಡುತ್ತಿದ್ದರು. ಆಮೇಲೆ ಐಸಿಎಂಆರ್ 39 ಆಸ್ಪತ್ರೆಗಳ 464 ರೋಗಿಗಳ ಮೇಲೆ ಪರೀಕ್ಷೆ ಮಾಡಿ ನೋಡಿದಾಗ ಸಾವು ಕಡಿಮೆಯಾಗಿರಲಿಲ್ಲ. 2021ರ ಮೇನಲ್ಲಿ ಚಿಕಿತ್ಸೆಯ ಪಟ್ಟಿಯಿಂದಲೇ ಪ್ಲಾಸ್ಮಾ ಬಿಟ್ಟರು. ಆ ಕಾರಣವೂ ಈಗಿಲ್ಲ.

ಮದುವೆಗೆ ಹೋಗಬೇಕು, ಧೈರ್ಯಕ್ಕೆ ಒಂದು ಟೆಸ್ಟ್ ಇರಲಿ ಅನ್ನುವವರು ಸುಮ್ನೆ ದುಡ್ಡು ಉಳಿಸಿಕೊಳ್ಳಿ.

ಹೆಜ್ಜೆ 3: ದಿನ ಎಣಿಸಿ

ಡಾಕ್ಟರ್ ಬರೆದುಕೊಟ್ಟಿದ್ದಾರೆ ಅಂತಿಟ್ಟುಕೊಳ್ಳೋಣ. ಈಗ ಕ್ಯಾಲೆಂಡರ್ ತೆಗೆಯಿರಿ. ಜ್ವರವೋ ಕೆಮ್ಮೋ ಶುರುವಾದ ದಿನಕ್ಕೆ ಗುರುತು ಹಾಕಿ. ಎಣಿಕೆ ಅಲ್ಲಿಂದ. ಪಾಸಿಟಿವ್ ರಿಪೋರ್ಟ್ ಬಂದ ದಿನದಿಂದಲ್ಲ, ಗುಣವಾದ ದಿನದಿಂದಲೂ ಅಲ್ಲ.

ಮೊದಲ ವಾರದಲ್ಲಿ ರಕ್ತದಲ್ಲಿ ಹೇಳಿಕೊಳ್ಳುವಷ್ಟು ಆ್ಯಂಟಿಬಾಡಿ ಇರುವುದಿಲ್ಲ. ಬಹಳಷ್ಟು ಜನರಲ್ಲಿ ಎರಡರಿಂದ ಮೂರು ವಾರದೊಳಗೆ ಸಿಗುತ್ತದೆ. ಆ್ಯಂಟಿಬಾಡಿಯಲ್ಲಿ ಐಜಿಎಂ, ಐಜಿಜಿ ಅಂತ ಬಗೆಗಳಿವೆ. ಐಜಿಎಂ ಮೊದಲು, ಐಜಿಜಿ ಆಮೇಲೆ ಅಂತ ಪುಸ್ತಕದಲ್ಲಿ ಓದಿದ್ದೆವು. ಕೊರೋನಾದಲ್ಲಿ ಎಷ್ಟೋ ಸಲ ಎರಡೂ ಜೊತೆಜೊತೆಗೇ ಬಂದವು. ಹಾಗಾಗಿ ಐಜಿಎಂ ಒಂದನ್ನೇ ನೋಡಿ "ಇದು ಹೊಸ ಸೋಂಕು" ಅನ್ನುವ ಹಾಗಿಲ್ಲ. ಐಜಿಎಂ ಬೇಗ ಇಳಿಯುತ್ತದೆ, ಐಜಿಜಿ ತಿಂಗಳುಗಟ್ಟಲೆ ಉಳಿಯುತ್ತದೆ.

ಎಂಟನೇ ದಿನಕ್ಕೆ ಟೆಸ್ಟ್ ಮಾಡಿಸಿ, ನೆಗೆಟಿವ್ ಬಂತು, ನನ್ನ ಮೈಯಲ್ಲಿ ಪವರ್ರೇ ಇಲ್ಲ ಅಂತ ಅಳುತ್ತಾ ಬಂದ ಅಕ್ಕಾರು ಒಬ್ಬರಿದ್ದರು, ಶಿಗ್ಗಾಂವಿ ಕಡೆಯವರು. ಎರಡು ವಾರ ಬಿಟ್ಟು ಬರಲು ಹೇಳಿದ್ದೆ. ಬಂದರು, ಪಾಸಿಟಿವ್ ಇತ್ತು. ಅವರ ಮೈ ತನ್ನ ಕೆಲಸ ಮಾಡುತ್ತಲೇ ಇತ್ತು, ನಾವು ನೋಡಿದ್ದು ಬೇಗ ಆಗಿತ್ತು. ಕನಿಷ್ಠ 14 ದಿನ ಕಳೆಯಲಿ, 21 ದಿನ ಆದರೆ ಇನ್ನೂ ಒಳ್ಳೆಯದು.

ತುಂಬಾ ತಡವಾದರೂ ತೊಂದರೆಯೇ. ವರ್ಷ ಕಳೆದು ಟೆಸ್ಟ್ ಮಾಡಿಸಿದರೆ, ಸೋಂಕು ಬಂದಿದ್ದೂ ನೆಗೆಟಿವ್ ಆಗಬಹುದು. ಸೌಮ್ಯವಾಗಿ ಬಂದು ಹೋದ ಕೆಲವರಲ್ಲಿ ಆ್ಯಂಟಿಬಾಡಿ ಮೊದಲಿಂದಲೇ ಕಡಿಮೆ ಇರುತ್ತದೆ.

ಹೆಜ್ಜೆ 4: ಯಾವ ಆ್ಯಂಟಿಬಾಡಿ ಅಂತ ಕೇಳಿ

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಕೆಲಸಕ್ಕೆ ಬರುವುದೂ ಇದೇ.

ಕೊರೋನಾ ವೈರಸ್ಸಿನ ಚಿತ್ರ ನೋಡಿದ್ದೀರಿ, ಮೈತುಂಬ ಮುಳ್ಳು. ಆ ಮುಳ್ಳೇ ಸ್ಪೈಕ್ ಪ್ರೋಟೀನ್. ಒಳಗೆ ವೈರಸ್ಸಿನ ಆರ್‌ಎನ್‌ಎಯನ್ನು ಸುತ್ತಿಕೊಂಡಿರುವುದು ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನ್. ಸೋಂಕು ಬಂದವರ ಮೈ ಎರಡರ ವಿರುದ್ಧವೂ ಆ್ಯಂಟಿಬಾಡಿ ತಯಾರಿಸುತ್ತದೆ. ಲ್ಯಾಬ್‌ನಲ್ಲಿ ಮಾತ್ರ ಎರಡಕ್ಕೂ ಬೇರೆ ಬೇರೆ ಟೆಸ್ಟ್.

ಕೋವಿಶೀಲ್ಡ್ ಲಸಿಕೆ ಮೈಗೆ ತೋರಿಸುವುದು ಸ್ಪೈಕನ್ನು ಮಾತ್ರ. ಹಾಗಾಗಿ ಕೋವಿಶೀಲ್ಡ್ ಹಾಕಿಸಿಕೊಂಡವರ ಸ್ಪೈಕ್ ಟೆಸ್ಟ್ ಪಾಸಿಟಿವ್ ಬಂದರೆ ಅದು ಲಸಿಕೆಯಿಂದಲೋ ಸೋಂಕಿನಿಂದಲೋ ಹೇಳಲು ಬರುವುದಿಲ್ಲ. ನ್ಯೂಕ್ಲಿಯೋಕ್ಯಾಪ್ಸಿಡ್ ಟೆಸ್ಟ್ ಪಾಸಿಟಿವ್ ಬಂದರೆ, ಸೋಂಕು ಬಂದು ಹೋಗಿದೆ ಅನ್ನಬಹುದು.

ಕೋವ್ಯಾಕ್ಸಿನ್ ಕಥೆ ಬೇರೆ. ಅದು ಇಡೀ ವೈರಸ್ಸನ್ನೇ ಸಾಯಿಸಿ ಮಾಡಿದ ಲಸಿಕೆ. ಸ್ಪೈಕೂ ಇದೆ, ಒಳಗಿನದೂ ಇದೆ. ಹಾಗಾಗಿ ಕೋವ್ಯಾಕ್ಸಿನ್ ಹಾಕಿಸಿಕೊಂಡವರಲ್ಲಿ ಎರಡೂ ಟೆಸ್ಟ್ ಪಾಸಿಟಿವ್ ಬಂದರೂ, ಸೋಂಕು ಬಂದಿತ್ತು ಅಂತ ಖಚಿತವಾಗಿ ಹೇಳಲಾಗದು. ನಮ್ಮ ದೇಶದಲ್ಲಿ ಈ ಎರಡೂ ಲಸಿಕೆ ಚಾಲ್ತಿಯಲ್ಲಿದ್ದವು. ಹೊರದೇಶದ ಲೇಖನ ಓದಿ ಬರುವವರು ಇದನ್ನು ಮರೆಯುತ್ತಾರೆ.

ಹಾಗಾಗಿ ಕೌಂಟರ್‌ನಲ್ಲಿ ಸಂಕೋಚವಿಲ್ಲದೆ ಕೇಳಿ: "ಇದು ಸ್ಪೈಕಿಂದೋ, ನ್ಯೂಕ್ಲಿಯೋಕ್ಯಾಪ್ಸಿಡ್‌ದೋ? ಮಷೀನ್ ಮ್ಯಾಲೆ ಮಾಡ್ತೀರೋ, ಕಾರ್ಡ್ ಮ್ಯಾಲೆ ಮಾಡ್ತೀರೋ?" ಉತ್ತರ ಗೊತ್ತಿಲ್ಲ ಅಂದರೆ ಬೇರೆ ಲ್ಯಾಬ್ ನೋಡಿಕೊಳ್ಳಿ.

ಕಾರ್ಡ್ ಅಂದೆ ಅಲ್ವಾ? ಬೆರಳಿನಿಂದ ಒಂದು ಹನಿ ರಕ್ತ, ಹದಿನೈದು ನಿಮಿಷದಲ್ಲಿ ಗೆರೆ. 2020ರ ಏಪ್ರಿಲ್‌ನಲ್ಲಿ ಚೀನಾದಿಂದ ತರಿಸಿದ ಇಂಥ ರ‍್ಯಾಪಿಡ್ ಕಿಟ್‌ಗಳ ಫಲಿತಾಂಶ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ ಬಂತು. ಬಳಸಬೇಡಿ, ವಾಪಸ್ ಕಳಿಸಿ ಅಂತ ಐಸಿಎಂಆರ್ ಹೇಳಬೇಕಾಯಿತು. ಮರುತಿಂಗಳು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಲ್ಯಾಬಿನಲ್ಲಿ ಮಷೀನ್ ಮೇಲೆ ಮಾಡುವ ತನ್ನದೇ ಎಲಿಸಾ ಟೆಸ್ಟ್ ತಯಾರಿಸಿತು. ಕವಚ್ ಅಂತ ಹೆಸರು. ಎರಡೂವರೆ ಗಂಟೆಯಲ್ಲಿ 90 ಸ್ಯಾಂಪಲ್ ನೋಡಬಹುದಿತ್ತು. ಕಾರ್ಡ್ ಎಲ್ಲವೂ ಕೆಟ್ಟದ್ದು ಅಂತಲ್ಲ. ಆದರೆ ಅದು "ಇದೆ", "ಇಲ್ಲ" ಅನ್ನುತ್ತದೆ, ಎಷ್ಟಿದೆ ಅನ್ನುವುದಿಲ್ಲ. ಮಸುಕು ಗೆರೆ ಬಂದರೆ ನಾಲ್ಕು ಜನ ಸೇರಿ ಬೆಳಕಿಗೆ ಹಿಡಿದು ನೋಡಬೇಕು.

ಹೆಜ್ಜೆ 5: ರಕ್ತ ಕೊಡುವ ದಿನ

ಖಾಲಿ ಹೊಟ್ಟೆ ಬೇಕಿಲ್ಲ. ಗಿರ್ಮಿಟ್-ಮಿರ್ಚಿ ತಿಂದು ಬಂದರೂ ನಡೆಯುತ್ತದೆ. ತೋಳಿನಿಂದ ಮೂರರಿಂದ ಐದು ಎಂಎಲ್ ರಕ್ತ, ಅಷ್ಟೇ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಹತ್ತಿ ಸ್ವಲ್ಪ ಜಾಸ್ತಿ ಹೊತ್ತು ಒತ್ತಿ ಹಿಡಿಯಬೇಕು. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕೆಲವು ಮಷೀನಿನ ಲೆಕ್ಕವನ್ನು ಅದು ಕೆಡಿಸುತ್ತದೆ.

ಹೆಜ್ಜೆ 6: ರಿಪೋರ್ಟ್ ಓದುವುದು

ಕೈಗೆ ರಿಪೋರ್ಟ್ ಬಂದ ಕೂಡಲೇ ಎಲ್ಲರ ಕಣ್ಣು ದಪ್ಪಕ್ಷರದ ಸಂಖ್ಯೆಗೆ ಹೋಗುತ್ತದೆ. ನೀವು ಮೊದಲು ಅದರ ಪಕ್ಕ ನೋಡಿ. ಯೂನಿಟ್ ಏನಿದೆ? ಅದರಾಚೆ ಕಟ್ ಆಫ್, ಅಂದರೆ ಪಾಸಿಟಿವ್ ಅನ್ನಲು ದಾಟಬೇಕಾದ ಗೆರೆ, ಎಷ್ಟು ಅಂತ ಬರೆದಿದೆ?

ಅಣ್ಣಿಗೇರಿ ಕಾಕಾ ಅವರದು 1,840 ಎಯು/ಎಂಎಲ್ ಇತ್ತು. ಅವರ ತಮ್ಮ ಧಾರವಾಡದಲ್ಲಿ ಬೇರೆ ಕಂಪನಿಯ ಮಷೀನಿನಲ್ಲಿ ಮಾಡಿಸಿದ್ದರು, 230 ಯು/ಎಂಎಲ್. ಅಣ್ಣನಿಗಿಂತ ತಮ್ಮ ಎಂಟು ಪಟ್ಟು ಬಡವ ಅಂತ ಮನೆಯಲ್ಲಿ ತಮಾಷೆ ನಡೆದಿತ್ತಂತೆ. ಆದರೆ ಈ ಎರಡು ಸಂಖ್ಯೆ ಒಂದೇ ತಕ್ಕಡಿಯವಲ್ಲ. ಒಂದು ಕಂಪನಿಯ ಟೆಸ್ಟ್‌ನಲ್ಲಿ 50 ದಾಟಿದರೆ ಪಾಸಿಟಿವ್, ಇನ್ನೊಂದರಲ್ಲಿ 0.8 ದಾಟಿದರೇ ಪಾಸಿಟಿವ್. ಸೇರಿನ ಲೆಕ್ಕವನ್ನೂ ಕಿಲೋ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ಯಾರ ಜೋಳ ಜಾಸ್ತಿ ಅಂದ ಹಾಗಾಯಿತು.

ಇದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಒಂದು ಸಾಮಾನ್ಯ ಅಳತೆ ಮಾಡಿತು, ಬಿಎಯು ಅಂತ. ಅಬಾಟ್ ಕಂಪನಿಯ ಸ್ಪೈಕ್ ಟೆಸ್ಟ್ ಆಗಿದ್ದರೆ ಎಯು ಸಂಖ್ಯೆಯನ್ನು 0.142ರಿಂದ ಗುಣಿಸಿದರೆ ಬಿಎಯು ಸಿಗುತ್ತದೆ. ಕಾಕಾ ಅವರ ಟೆಸ್ಟ್ ಅದೇ ಆಗಿತ್ತು. 1,840 ಅನ್ನುವುದು ಸುಮಾರು 261 ಬಿಎಯು. ಲ್ಯಾಮಿನೇಷನ್ನಿನೊಳಗಿನ ಸಾವಿರ ಹೀಗೆ ಇನ್ನೂರಕ್ಕೆ ಇಳಿದದ್ದು ಕಂಡು ಅವರಿಗೆ ಬೇಜಾರಾಯಿತು. ಮೈಯಲ್ಲಿ ಏನೂ ಕಡಿಮೆಯಾಗಿರಲಿಲ್ಲ.

ಕೆಲವು ರಿಪೋರ್ಟ್‌ನಲ್ಲಿ ">250" ಅಂತ ಇರುತ್ತದೆ. 250ಕ್ಕಿಂತ ಮೇಲೆ ಆ ಮಷೀನ್ ಅಳೆಯುವುದಿಲ್ಲ ಅಂತ ಅದರ ಅರ್ಥ. ಸ್ಯಾಂಪಲ್ ತೆಳು ಮಾಡಿ ಮತ್ತೆ ಹಾಕಿದರೆ ನಿಜವಾದ ಸಂಖ್ಯೆ ಬರುತ್ತದೆ. ಆದರೆ ಅದು ತಿಳಿದು ಮಾಡುವುದೇನು?

ನ್ಯೂಕ್ಲಿಯೋಕ್ಯಾಪ್ಸಿಡ್ ಟೆಸ್ಟ್‌ನಲ್ಲಿ ಸಾಮಾನ್ಯವಾಗಿ ಇಂಡೆಕ್ಸ್ ಅಂತ ಬರುತ್ತದೆ. ಒಂದು ಕಂಪನಿಯಲ್ಲಿ 1.0 ಗೆರೆ, ಇನ್ನೊಂದರಲ್ಲಿ 1.4. ಅಲ್ಲಿ 6 ಬಂದವರು 3 ಬಂದವರಿಗಿಂತ ಎರಡು ಪಟ್ಟು ಗಟ್ಟಿ ಅಂತಲ್ಲ. ಗೆರೆ ದಾಟಿತಾ ಇಲ್ಲವಾ, ಅಷ್ಟೇ ನೋಡಬೇಕು.

ಇನ್ನೊಂದು ಲೆಕ್ಕ ಹೇಳಲೇಬೇಕು. ಸೋಂಕೇ ಬಾರದ ನೂರು ಜನರಲ್ಲಿ ಇಬ್ಬರಿಗೆ ಸುಳ್ಳು ಪಾಸಿಟಿವ್ ಕೊಡುವ ಟೆಸ್ಟ್ ಒಂದಿದೆ ಅಂದುಕೊಳ್ಳಿ. ಕೇಳೋಕೆ ಚೆನ್ನಾಗಿಯೇ ಇದೆ. 2020ರ ಮೇ ತಿಂಗಳಲ್ಲಿ ಸಾವಿರ ಜನರಿಗೆ ಅದನ್ನು ಮಾಡಿದ್ದರೆ? ಮೊದಲ ಸಮೀಕ್ಷೆಯ 0.73 ಶೇಕಡಾ ಲೆಕ್ಕದಲ್ಲಿ ನಿಜವಾಗಿ ಸೋಂಕು ಬಂದು ಹೋದವರು ಸುಮಾರು 7 ಜನ. ಉಳಿದ 993ರಲ್ಲಿ ನೂರಕ್ಕೆ ಎರಡರಂತೆ ಸುಮಾರು 20 ಜನ ಸುಳ್ಳು ಪಾಸಿಟಿವ್. ಪಾಸಿಟಿವ್ ಅಂತ ಚೀಟಿ ಹಿಡಿದ 27 ಜನರಲ್ಲಿ 20 ಜನರದ್ದು ಸುಳ್ಳು! ಟೆಸ್ಟ್ ಅದೇ, ಮಷೀನ್ ಅದೇ. ಊರಿನಲ್ಲಿ ಕಾಯಿಲೆ ಎಷ್ಟು ಹಬ್ಬಿದೆ ಅನ್ನುವುದರ ಮೇಲೆ ಆ ಚೀಟಿಯ ಬೆಲೆ ಬದಲಾಗುತ್ತದೆ. ನನಗೆ ಇದು ಅರ್ಥವಾಗಲು ಹದಿನೈದು ವರ್ಷ ಬೇಕಾಯಿತು.

ಹೆಜ್ಜೆ 7: ರಿಪೋರ್ಟ್‌ನಲ್ಲಿ ಕಾಣದಿರುವುದು

ಈಗ ಕಾಕಾ ಅವರ ಪ್ರಶ್ನೆಗೆ ಬರೋಣ. ಸಾವಿರದ ಎಂಟನೂರು ಎಲ್ಲಿ ಹೋಯಿತು?

ಶಿವರಾತ್ರಿ ಹೊತ್ತಿಗೆ ಸಿದ್ಧಾರೂಢ ಮಠದ ತೇರು ನೋಡಿದವರಿಗೆ ಗೊತ್ತು, ಹೆಜ್ಜೆಗೊಬ್ಬ ಪೊಲೀಸ್. ತೇರು ಮುಗಿದು ವಾರ ಬಿಟ್ಟು ಹೋದರೆ ಅಷ್ಟು ಪೊಲೀಸರು ಇರುತ್ತಾರಾ? ಇರುವುದಿಲ್ಲ. ಆದರೆ ಠಾಣೆ ಇರುತ್ತದೆ, ಕಳ್ಳರ ಫೋಟೋ ಇರುವ ರಿಜಿಸ್ಟರ್ ಇರುತ್ತದೆ, ಫೋನ್ ಮಾಡಿದರೆ ಜೀಪ್ ಬರುತ್ತದೆ. ರಕ್ತದ ಆ್ಯಂಟಿಬಾಡಿಯೂ ಹಾಗೇ. ಸೋಂಕಿನ ಹೊತ್ತಿಗೆ ಏರುತ್ತದೆ, ಆಮೇಲೆ ತಿಂಗಳು ಕಳೆದಂತೆ ಇಳಿಯುತ್ತದೆ. ಅದು ಆರೋಗ್ಯವಂತ ಮೈಯ ರೀತಿ. ಪ್ರತಿ ಕಾಯಿಲೆಗೂ ತೇರಿನ ಬಂದೋಬಸ್ತ್ ಇಟ್ಟುಕೊಂಡರೆ ರಕ್ತ ಹರಿಯಲು ಜಾಗವೇ ಇರುವುದಿಲ್ಲ.

ಉಳಿಯುವುದು ನೆನಪು. ಮೆಮೊರಿ ಬಿ ಕಣಗಳು ವೈರಸ್ಸಿನ ಗುರುತು ಇಟ್ಟುಕೊಂಡು ಕಾಯುತ್ತವೆ, ಮತ್ತೆ ಕಂಡರೆ ಬೇಗನೆ ಆ್ಯಂಟಿಬಾಡಿ ತಯಾರಾಗುತ್ತದೆ. ಟಿ ಕಣಗಳು ಸೋಂಕು ತಗುಲಿದ ಜೀವಕೋಶಗಳನ್ನೇ ಹುಡುಕಿ ಕೊಲ್ಲುತ್ತವೆ. ಮೂಳೆಯ ಮಜ್ಜೆಯಲ್ಲಿ ಕೆಲವು ಕಣಗಳು ಕೂತು, ತಿಂಗಳುಗಟ್ಟಲೆ ಸಣ್ಣ ಪ್ರಮಾಣದಲ್ಲಿ ಆ್ಯಂಟಿಬಾಡಿ ಬಿಡುತ್ತಲೇ ಇರುತ್ತವೆ. ಇದ್ಯಾವುದೂ ನಮ್ಮ ಲ್ಯಾಬಿನ ರಿಪೋರ್ಟ್‌ನಲ್ಲಿ ಬರುವುದಿಲ್ಲ. ಅದಕ್ಕೇ ಆ್ಯಂಟಿಬಾಡಿ ಇಳಿದಿದೆ ಅಂದರೆ ರಕ್ಷಣೆ ಮುಗಿಯಿತು ಅಂತ ಅಲ್ಲ.

ಹಾಗಾದರೆ ಮತ್ತೆ ಸೋಂಕು ಯಾಕೆ ಬಂತು? ಎರಡು ಕಾರಣ. ಮೊದಲನೆಯದು, ವೈರಸ್ ವೇಷ ಬದಲಿಸಿತು. 2021ರ ನವೆಂಬರ್‌ನಲ್ಲಿ ಕಾಣಿಸಿಕೊಂಡ ಒಮಿಕ್ರಾನ್‌ನ ಸ್ಪೈಕ್‌ನಲ್ಲಿ 30ಕ್ಕೂ ಹೆಚ್ಚು ಬದಲಾವಣೆ ಇದ್ದವು. ರಿಜಿಸ್ಟರ್‌ನಲ್ಲಿ ಬೋಳುಮುಖದ ಫೋಟೋ ಇದೆ, ಬಂದವನು ಮೀಸೆ ಬಿಟ್ಟು ರುಮಾಲು ಸುತ್ತಿದ್ದಾನೆ. ಬಾಗಿಲಲ್ಲಿದ್ದ ಪೊಲೀಸ್ ಬಿಟ್ಟುಬಿಟ್ಟ. ಒಳಗೆ ಹೋದ ಮೇಲೆ ಬೇರೆಯವರು ಗುರುತು ಹಿಡಿದರು. ಎರಡನೆಯದು, ವೈರಸ್ ಬರುವುದು ಮೂಗಿನಿಂದ. ನಾವು ಅಳೆಯುವುದು ರಕ್ತದ ಆ್ಯಂಟಿಬಾಡಿ. ರಕ್ತದಲ್ಲಿ ಎಷ್ಟೇ ಇದ್ದರೂ ಮೂಗಿನ ತೇವದಲ್ಲಿ ಅಷ್ಟೇ ಇರಬೇಕೆಂದಿಲ್ಲ. ಅದಕ್ಕೇ ಗಂಟಲು ಕೆರೆಯುತ್ತದೆ, ಮೂಗು ಸೋರುತ್ತದೆ, ಆದರೆ ಶ್ವಾಸಕೋಶದವರೆಗೆ ಹೋಗುವುದು ಕಡಿಮೆ.

ಧಾರವಾಡದವರಿಗೆ ಇದಕ್ಕೆ ದೂರದ ಉದಾಹರಣೆ ಬೇಡ. 2021ರ ನವೆಂಬರ್ ಕೊನೆಗೆ ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ 250ಕ್ಕೂ ಹೆಚ್ಚು ಜನರಿಗೆ ಸೋಂಕು ಬಂತು. ಹೆಚ್ಚಿನವರು ಎರಡೂ ಡೋಸ್ ಹಾಕಿಸಿಕೊಂಡ ವಿದ್ಯಾರ್ಥಿಗಳು. ಬಹುತೇಕರಿಗೆ ಲಕ್ಷಣವೇ ಇರಲಿಲ್ಲ ಅಥವಾ ಸ್ವಲ್ಪ ಇತ್ತು. "ಲಸಿಕೆ ಹಾಕಿಸ್ಕೊಂಡ್ರೂ ಬಂತಲ್ಲ" ಅಂತ ಚಿಗರಿ ಬಸ್ಸಿನಲ್ಲಿ ಜನ ಮಾತಾಡಿದ್ದು ಅರ್ಧ ಸತ್ಯ. ಬಂತು, ಆದರೆ ಏಪ್ರಿಲ್-ಮೇನಲ್ಲಿ ಬಂದ ಹಾಗೆ ಆಕ್ಸಿಜನ್‌ಗೆ ಓಡಾಡುವಂತೆ ಮಾಡಲಿಲ್ಲ.

ಹೆಜ್ಜೆ 8: ಗುಣವಾದ ಮೇಲೆ ನಿಜವಾಗಿ ನೋಡಿಕೊಳ್ಳಬೇಕಾದದ್ದು

ಮತ್ತೆ ಮತ್ತೆ ಆರ್‌ಟಿ-ಪಿಸಿಆರ್ ಮಾಡಿಸಬೇಡಿ. ಸತ್ತ ವೈರಸ್ಸಿನ ಚೂರುಗಳಿಂದ ವಾರಗಟ್ಟಲೆ ಪಾಸಿಟಿವ್ ಬರಬಹುದು. ಹಾಗೆ ಬಂದದ್ದು ಮರುಸೋಂಕು ಅಲ್ಲ. ಎರಡು ಪಾಸಿಟಿವ್ ನಡುವೆ ಕನಿಷ್ಠ 102 ದಿನದ ಅಂತರ, ಮಧ್ಯೆ ಒಂದು ನೆಗೆಟಿವ್ ಇದ್ದರೆ ಮಾತ್ರ ಐಸಿಎಂಆರ್ ಅದನ್ನು ಮರುಸೋಂಕು ಎಂದು ಲೆಕ್ಕ ಹಾಕಿತ್ತು.

ಲಸಿಕೆ ವಿಷಯದಲ್ಲಿ ಆ್ಯಂಟಿಬಾಡಿ ರಿಪೋರ್ಟ್ ತೋರಿಸಿ "ನನಗೆ ಬೇಡ" ಅನ್ನುವುದು ಸರಿಯಲ್ಲ. ಗುಣವಾಗಿ ಮೂರು ತಿಂಗಳ ನಂತರ ಹಾಕಿಸಿಕೊಳ್ಳಿ ಅಂತ 2021ರ ಮೇನಲ್ಲಿ ಸರ್ಕಾರ ಹೇಳಿತ್ತು. ಆ ಲೆಕ್ಕ ದಿನದ್ದು, ಸಂಖ್ಯೆಯದ್ದಲ್ಲ. ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು ಮುಂದಿನ ಡೋಸ್ ಬಗ್ಗೆ ತಮ್ಮ ಡಾಕ್ಟರ್‌ನ ಕೇಳಲಿ.

ಸಕ್ಕರೆ. ಇದನ್ನು ಯಾರೂ ಕೇಳಿಕೊಂಡು ಬರುವುದಿಲ್ಲ. ಕೊರೋನಾ ಬಂದಾಗ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಸಕ್ಕರೆ ಏರುತ್ತದೆ. ಸ್ಟೀರಾಯ್ಡ್ ಇಲ್ಲದೆಯೂ ಕೆಲವರಲ್ಲಿ ಏರಿತು. 2021ರಲ್ಲಿ ಕಿಮ್ಸ್‌ನಲ್ಲಿ ಕಪ್ಪು ಶಿಲೀಂಧ್ರದ ವಾರ್ಡ್ ತುಂಬಿದ್ದು ನಮಗೆಲ್ಲ ನೆನಪಿದೆ. ಅದು ಹೆಚ್ಚಾಗಿ ಹಿಡಿದದ್ದು ಸಕ್ಕರೆ ಹತೋಟಿ ತಪ್ಪಿದವರನ್ನೇ. ಆ್ಯಂಟಿಬಾಡಿಗೆ ಕೊಡುವ ದುಡ್ಡಿನಲ್ಲಿ ಎಚ್‌ಬಿಎ1ಸಿ ಮಾಡಿಸಿ. ಮೂರು ತಿಂಗಳ ಸರಾಸರಿ ಸಕ್ಕರೆ ಗೊತ್ತಾಗುತ್ತದೆ. ಆ ಸಂಖ್ಯೆ ನೋಡಿ ಡಾಕ್ಟರ್ ಏನಾದರೂ ಮಾಡಬಲ್ಲರು.

ಮನೆಯಲ್ಲಿ ಆಕ್ಸಿಮೀಟರ್ ಇನ್ನೂ ಬಿದ್ದಿದ್ದರೆ ಸೆಲ್ ಹಾಕಿ. ಕೂತಾಗ ಒಮ್ಮೆ ನೋಡಿ, ಆರು ನಿಮಿಷ ಅಂಗಳದಲ್ಲಿ ನಡೆದು ಇನ್ನೊಮ್ಮೆ ನೋಡಿ. 94ಕ್ಕಿಂತ ಕೆಳಗಿಳಿದರೆ, ಅಥವಾ ನಡೆದ ಮೇಲೆ ನಾಲ್ಕೈದು ಅಂಕಿ ಕುಸಿದರೆ ತಡಮಾಡದೆ ತೋರಿಸಿ. ಸುಸ್ತು, ಮರೆವು, ಎದೆ ಡವಡವ ಮೂರು ತಿಂಗಳಾದರೂ ಬಿಡದಿದ್ದರೆ ಅದಕ್ಕೆ ಲಾಂಗ್ ಕೋವಿಡ್ ಎನ್ನುವ ಹೆಸರಿದೆ. "ಮನಸ್ಸಿಂದು" ಅಂತ ಮನೆಯವರು ಅಂದರೂ ಸುಮ್ಮನಿರಬೇಡಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಐದು ತಿಂಗಳು ವಾಸನೆಯೇ ಬರಲಿಲ್ಲ. ಮಾಲು ಹೊಸದೋ ಹಳೆಯದೋ ಅಂತ ಮಗನ ಹತ್ತಿರ ಮೂಸಿಸಿ ಕೇಳುತ್ತಿದ್ದರು. ಅವರ ಆ್ಯಂಟಿಬಾಡಿ ಭರ್ಜರಿಯಾಗಿತ್ತು. ಮೂಗಿಗೆ ಅದರಿಂದ ಏನೂ ಆಗಲಿಲ್ಲ.

ಡಾಕ್ಟರ್ ಹತ್ತಿರ ಹೋಗುವಾಗ ಒಂದು ಫೈಲ್ ಮಾಡಿಕೊಳ್ಳಿ: ಲಕ್ಷಣ ಶುರುವಾದ ದಿನ, ಸ್ವಾಬ್ ರಿಪೋರ್ಟ್, ಕೊಟ್ಟ ಔಷಧದ ಚೀಟಿ, ಲಸಿಕೆಯ ಹೆಸರು ಮತ್ತು ದಿನಾಂಕ. ಲಸಿಕೆಯ ಹೆಸರು ಮರೆಯಬೇಡಿ, ಅದಿಲ್ಲದೆ ಆ್ಯಂಟಿಬಾಡಿ ರಿಪೋರ್ಟ್ ಅರ್ಧ ಕುರುಡು.

ಅಣ್ಣಿಗೇರಿ ಕಾಕಾ ಈಗಲೂ ಬರುತ್ತಾರೆ, ಸಕ್ಕರೆ ನೋಡಿಸಲು. ಮೊದಲ ಸಲ ಎಚ್‌ಬಿಎ1ಸಿ 7.9 ಇತ್ತು, ಹೋದ ಸಲ 6.8. ರಿಪೋರ್ಟ್ ಕೈಯಲ್ಲಿ ಹಿಡಿದು ಖುಷಿಯಾಗಿ ಕೇಳಿದರು:

"ಇದನ್ನೂ ಲ್ಯಾಮಿನೇಷನ್ ಮಾಡಸ್ಲೇನೋ ತಮ್ಮಾ?"

"ಬ್ಯಾಡ್ರಿ ಕಾಕಾ. ಮೂರು ತಿಂಗಳಿಗೆ ಮತ್ತ ಬರೂದೈತಿ."